ತಾರಸಿಯ ಮೇಲಿನ ಎಡೆ

ದೊಡ್ಡಮ್ಮನ ತಿಥಿಗೆಂದು ಬೆಳಗಿನ ರೈಲಿಗೆ ಮೈಸೂರಿಗೆ ಬಂದೆ. ಮಕ್ಕಳಿಲ್ಲದ ಅವರು ತಂಗಿಯ ಮಗನಾದ ನನ್ನನ್ನು ಸಾಕಿದ್ದರು. ಎಡೆ ಇಡಬೇಕಾದವನು ನಾನೇ. ಜಯಲಕ್ಷ್ಮಿಪುರಂ ಮನೆಯ ತಾರಸಿಯಲ್ಲಿ ಬಾಳೆಯೆಲೆಯ ಮೇಲೆ ಅನ್ನವಿಟ್ಟು ನಾನೂ ದೊಡ್ಡಪ್ಪನೂ ದೂರ ನಿಂತೆವು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ ಎಂಬ ನಂಬಿಕೆ. ಎದುರಿನ ಹೊಂಗೆ ಮರದಲ್ಲಿ ಕಾಗೆಯೇನೋ ಇತ್ತು, ಇಳಿಯಲಿಲ್ಲ. ನಮ್ಮ ನೀರಿನ ಟ್ಯಾಂಕಿನ ಮೇಲೆ ಹದ್ದು ಕೂತಿತ್ತು.

ಹೊಟ್ಟೆಯಲ್ಲಿ ಹುಟ್ಟದವನು ಇಟ್ಟ ಅನ್ನ ಅವರಿಗೆ ಸಲ್ಲಲಿಲ್ಲವೇನೋ ಎನಿಸಿತು.

“ನನ್ ಮೇಲಿನ ಕೋಪ ಇರ್ಬೇಕು ಕಣೋ. ಕೊನೇ ದಿನಾನೂ ಸಾರಿಗೆ ಉಪ್ಪು ಸಾಲ್ದು ಅಂದ್ಬುಟ್ಟಿದ್ದೆ,” ಎಂದರು ದೊಡ್ಡಪ್ಪ.

ಬಿಸಿಲೇರಿದ ಮೇಲೆ ಹದ್ದು ಎದ್ದು ಹೋಯಿತು. ಕಾಗೆ ಇಳಿದು ಅನ್ನ ಕಚ್ಚಿಕೊಂಡಿತು, ಆದರೆ ತಿನ್ನಲಿಲ್ಲ. ಮರಕ್ಕೆ ಹಾರಿ, ರೆಕ್ಕೆ ಅದುರಿಸುತ್ತ ಬಾಯಿ ತೆರೆದಿದ್ದ ಮರಿಯ ಗಂಟಲಿಗೆ ತುರುಕಿತು. ಮರಿಯ ಮೈತುಂಬ ಬಿಳಿ ಚುಕ್ಕೆ.

“ಅದು ಕಾಗೆ ಮರಿ ಅಲ್ವಲ್ಲ, ದೊಡ್ಡಪ್ಪ?”

“ಕೋಗಿಲೇದು. ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಹೋಗ್ಬುಡುತ್ತೆ. ಸಾಕೋದು ಇದು.”

“ತಾನು ತಿನ್ನಲೇ ಇಲ್ಲ. ಮುಟ್ಟಿದ ಹಾಗಾಯ್ತಾ?”

ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. “ಅವಳು ಯಾವತ್ತು ನಿನಗಿಂತ ಮೊದಲು ಉಂಡಿದ್ಲು, ಹೇಳು. ನಡಿ, ಕೈ ತೊಳ್ಕೊ. ರೈಲಿಗೆ ಹೊತ್ತಾಯ್ತು.”

ಕಾಗೆ ಎರಡನೆಯ ತುತ್ತಿಗೆ ಇಳಿಯುತ್ತಿತ್ತು. ಅದು ಬೆದರೀತೆಂದು ನಾನು ಅಲುಗಾಡದೆ ನಿಂತೆ.