ಕಬ್ಬಿನ ಬುಡ ಯಾವ ಕಡೆ

ಸೊರಡಿಯ ಸೋನಾಲಿಯನ್ನು ಬೆಳುಂಕಿಯ ಗುರುಸಿದ್ದನಿಗೆ ಕೊಟ್ಟದ್ದು ಗಡಿಬಿಡಿಯಲ್ಲಿ. ಕಬ್ಬು ಕಡಿಯುವ ಹಂಗಾಮು ತಲೆಯ ಮೇಲೆ ಬಂದಿತ್ತು. ಕಡಿಯುವವರ ಟೋಳಿ ಕಟ್ಟುವ ಮುಕಾದಮ ಶಿದ್ರಾಯ ಒಂಟಿ ಆಳನ್ನು ಸೇರಿಸಿಕೊಳ್ಳುವವನಲ್ಲ. ಒಬ್ಬರು ಕಡಿಯಬೇಕು, ಒಬ್ಬರು ಹೊರೆ ಕಟ್ಟಬೇಕು. ಇಬ್ಬರು ಕೂಡಿದರೇ ಅವನ ಕಣ್ಣಿಗೆ ಒಂದು ಆಳು. ಮೈಮೇಲಿನ ಅರಿಷಿಣ ಹೋಗುವ ಮೊದಲೇ ಸೋನಾಲಿ ಗಂಡನ ಜೋಡಿಯಾಗಿ ಟ್ರ್ಯಾಕ್ಟರ್ ಹತ್ತಿದಳು.

ದೂರವೇನೂ ಹೋಗಲಿಲ್ಲ. ಕಾಲುವೆ ನೀರು ಬಂದ ಮೇಲೆ ಜತ್ತದ ಸುತ್ತಮುತ್ತಲೂ ಅಲ್ಲಲ್ಲಿ ಕಬ್ಬು ಎದ್ದಿತ್ತು. ಹೊಲದ ಬದುವಿನ ಮೇಲೆ ಸೋಗೆಯ ಗುಡಿಸಲು, ಮುಂದೆ ಮೂರು ಕಲ್ಲಿನ ಒಲೆ. ಗುರುಸಿದ್ದ ಕೆಟ್ಟವನಲ್ಲ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಮಾತಾಡುವವನೂ ಅಲ್ಲ. ಅವನು ಕಡಿಯುತ್ತ ಮುಂದೆ, ಇವಳು ಕಟ್ಟುತ್ತ ಹಿಂದೆ. ದಿನವೆಲ್ಲ ಅವನ ಬೆನ್ನು ನೋಡುವುದೇ ಸಂಸಾರ. ಸಂಜೆಯಾದರೆ ಎಡಭುಜ ಹಿಡಿದುಕೊಂಡು ಕೂರುವನು. ಸೋನಾಲಿ ಎಣ್ಣೆ ತಿಕ್ಕುತ್ತ ಬೈಯುವಳು.

"ಟೋಳಿಯವ್ರೆಲ್ಲಾ ಕಡೀತಾರ, ನಿಂದ ಒಂದ ಭುಜ ಹೆಂಗ ನೋಯ್ತೈತಿ? ನಿಮ್ಮವ್ವ ಹಾಲ ಕುಡಿಸಿಲ್ಲೇನ?"

"ನೋಯ್ತೈತಿ" ಅನ್ನುವನು. ಅಷ್ಟೇ.

ಪಕ್ಕದ ಗುಡಿಸಲಿನ ಶೈಲಾ ಮೊಬೈಲ್ ತೋರಿಸುವಳು. ಅದರಲ್ಲಿ ಯಾರದೋ ಗಂಡ ಹೆಂಡತಿಯ ಕಣ್ಣು ಮುಚ್ಚಿ ಸೀರೆ ಕೊಡುವನು, ಇನ್ಯಾರದೋ ಗಂಡ ಕೇಕು ತಿನ್ನಿಸುವನು. ಸೋನಾಲಿಗೆ ಸೀರೆಯ ಆಸೆ ಇರಲಿಲ್ಲ. ಆ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದನ್ನೇ ಮತ್ತೆ ಮತ್ತೆ ಹಚ್ಚಿಸಿ ಕೇಳುವಳು. ಗುರುಸಿದ್ದ ಅವಳನ್ನು ಕರೆಯುತ್ತಿದ್ದದ್ದು "ಏ" ಎಂದು. ಪ್ರೀತಿ ಅಂದರೆ ಒಬ್ಬರು ಹಿಂದಿರುಗಿ ನಮ್ಮನ್ನು ನೋಡುವುದು ಇರಬೇಕು, ಅಂದುಕೊಂಡಳು ಅವಳು. ಆ ಬೆನ್ನು ತಿರುಗುತ್ತಿರಲಿಲ್ಲ.

ಎರಡನೆಯ ಹಂಗಾಮು ಮುಗಿಸಿ ಬೆಳುಂಕಿಗೆ ಬಂದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿಯೇ ಬಿಟ್ಟಳು: "ನನ್ನ ಯಾಕ ಮಾಡ್ಕೊಂಡಿ?"

ಗುರುಸಿದ್ದನಿಗೆ ಸುಳ್ಳು ಕಟ್ಟಲು ಬಾರದು. ಬಹಳ ಹೊತ್ತು ಯೋಚಿಸಿ, "ಜೋಡಿ ಬೇಕಿತ್ತು" ಅಂದ.

ಹಂಚಿನ ಮೇಲೆ ರೊಟ್ಟಿ ಹೊತ್ತಿತು. ಮರುದಿನ ಅವಳು ತವರಿನ ದಾರಿ ಹಿಡಿದಳು. ಕೆಲವು ದಿನ ಬಿಟ್ಟು ಅವನು ಸೊರಡಿಗೆ ಬಂದ. ಅವಳ ಅವ್ವ ಗೌರವ್ವ ಚಹಾ ಕೊಟ್ಟಳು. ಕುಡಿದು, ಒಳಕೋಣೆಯ ಬಾಗಿಲ ಕಡೆ ನೋಡಿ, "ಹೋಗೂನೇನ?" ಅಂದ.

"ಬ್ಯಾರೆ ಜೋಡಿ ನೋಡ್ಕೊ" ಅಂತ ಒಳಗಿನಿಂದ ಮಾತು ಬಂತು.

ಬಸಿ ಬೋರಲು ಹಾಕಿ ಎದ್ದು ಹೋದ.

ಮುಂದಿನ ಹಂಗಾಮಿಗೆ ಅವಳ ಅಣ್ಣ ಭರಮಣ್ಣನ ಹೆಂಡತಿ ಬಾಣಂತಿ. ಅಣ್ಣನ ಜೋಡಿಯಾಗಿ ಸೋನಾಲಿಯೇ ಹೊರಟಳು. ಮೊದಲ ದಿನವೇ ಕೈ ಓಡಲಿಲ್ಲ. ಅವಳು ಎಡಚಿ, ಎಡಗೈಯಿಂದಲೇ ಹೊರೆ ಕಟ್ಟುವವಳು. ಅಣ್ಣ ಕಡಿದು ಹಾಕಿದ ಕಬ್ಬಿನ ಬುಡವೆಲ್ಲ ಅವಳ ಕೈಗೆ ತಿರುವುಮುರುವಾಗಿ ಬೀಳುತ್ತಿತ್ತು. ಒಂದೊಂದು ಹೊರೆಯನ್ನೂ ಹೊರಳಿಸಿಕೊಂಡು ಕಟ್ಟಬೇಕು. ಮಧ್ಯಾಹ್ನದೊಳಗೆ ಮಣಿಕಟ್ಟು ಬಾತುಕೊಂಡಿತು.

"ಬುಡ ಆ ಕಡಿ ಹಾಕೊ ಅಣ್ಣಾ."

"ಎಲ್ಲಾರೂ ಹಿಂಗ ಹಾಕತಾರ. ನೀನ ಉಲ್ಟಾ ಹುಟ್ಟೀದಿ, ನಾ ಏನ ಮಾಡ್ಲಿ?"

"ಹೋದ ಎರಡ ವರ್ಷ ನನಗ ಹಿಂಗ ಆಗಿಲ್ಲ."

"ತಡಿ, ಅದನ್ನೂ ನೋಡೂನು" ಅಂದ ಭರಮಣ್ಣ. ಎಡಗೈಯಲ್ಲಿ ಕಬ್ಬು ಹಿಡಿದು, ಬಲಗೈಯಲ್ಲಿ ಕಡಿದು, ಮೈಯನ್ನೇ ತಿರುವಿ ಆಚೆ ಕಡೆಗೆ ಬೀಸಿ ಹಾಕತೊಡಗಿದ. ಒಂದು ಸಾಲು ಮುಗಿಯುವುದರೊಳಗೆ ಕತ್ತಿ ಚೆಲ್ಲಿ ಎಡಭುಜ ಹಿಡಿದುಕೊಂಡ. "ಯವ್ವಾ, ಭುಜಾನ ಕಿತ್ತ ಬಂತಲ್ಲ! ಇದನ್ನ ದಿನಾ ಯಾವ ಹುಚ್ಚ ಮಾಡ್ಯಾನು?"

ಸೋನಾಲಿ ಕಟ್ಟಿದ ಹೊರೆಯ ಮೇಲೆಯೇ ಕುಳಿತುಬಿಟ್ಟಳು. ಗುರುಸಿದ್ದ ಸಂಜೆ ಹಿಡಿದುಕೊಂಡು ಕೂರುತ್ತಿದ್ದದ್ದೂ ಅದೇ ಭುಜ. ತಾನು ಎಡಚಿ ಅಂತ ಅವನಿಗೆ ಎಂದೂ ಹೇಳಿದವಳಲ್ಲ. ಹಾಗಾದರೆ ಅವನು ಹಿಂದಿರುಗಿ ನೋಡಿದ್ದಾನೆ. ಯಾವಾಗ ನೋಡಿದ? ತಾನು ಬಗ್ಗಿದಾಗಲೇ? ನೋಡಿದವನು ಬಾಯಿ ಬಿಟ್ಟು ಒಂದು ಮಾತು ಅನ್ನಬಾರದಿತ್ತೇ? ಎದೆ ತುಂಬಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

ಜತ್ತದ ಸಂತೆಯ ದಿನ ಅಣ್ಣನಿಗೆ ಎಣ್ಣೆ, ಚಹಾಪುಡಿ ತರುತ್ತೇನೆಂದು ಹೇಳಿ ಹೋದಳು. ಜೋಡಿ ಇಲ್ಲದ ಗುರುಸಿದ್ದನನ್ನು ಟೋಳಿಗೆ ಸೇರಿಸಿರಲಿಲ್ಲ. ಅವನು ಜತ್ತದ ದಾಳಿಂಬೆ ತುಂಬುವ ಶೆಡ್ಡಿನಲ್ಲಿ ದುಡಿಯುತ್ತಾನೆಂದು ಕೇಳಿದ್ದಳು, ನೇರ ಅಲ್ಲಿಗೇ ನಡೆದಳು. ಅವಳನ್ನು ಕಂಡು ಅವನು ಹಣ್ಣು ತುಂಬುವ ಒಂದು ಖಾಲಿ ಡಬ್ಬಿ ಬೋರಲು ಹಾಕಿ, ಟವೆಲ್ಲಿನಿಂದ ಒರೆಸಿ, "ಕುಂದ್ರು" ಅಂದ.

"ಭುಜ ಹೆಂಗೈತಿ?"

"ಈ ವರ್ಷ ನೋವಿಲ್ಲ."

ಆ ಮಾತು ಅವಳಿಗೆ ಎಲ್ಲೋ ಚುಚ್ಚಿತು.

"ನನ್ನ ಸಲುವಾಗಿ ಬುಡ ತಿರುವಿ ಹಾಕತಿದ್ದಿ. ಯಾಕ ಹೇಳಲಿಲ್ಲ?"

"ಅದೇನ ಹೇಳೂ ಮಾತೇನ?"

"ಹೇಳಿದ್ರ ನಾ ಹೋಗತಿದ್ದಿಲ್ಲೊ."

ಗುರುಸಿದ್ದ ಟವೆಲ್ಲನ್ನು ಮಡಚಿದ, ಬಿಚ್ಚಿದ. "ನಂಗ ತಿಳೀಲಿಲ್ಲ" ಅಂದ.

"ಕಬ್ಬ ತೀರಿದ ಮ್ಯಾಲ ಬೆಳುಂಕಿಗೇ ಬರ್ತೀನಿ. ಆದ್ರ ನೀ ಮಾತಾಡಬೇಕ. ಬೆನ್ನ ನೋಡಿ ಸಾಕಾಗೈತಿ ನನಗ."

"ಏನ ಮಾತಾಡ್ಲಿ?"

"ಏನರೆ. ಇಲ್ಲಿ ಅದಾವಲ್ಲ ದಾಳಿಂಬ್ರಿ, ಇವುನ್ನ ಹೇಳು."

ಬಸ್‌ಸ್ಟ್ಯಾಂಡಿಗೆ ಇಬ್ಬರೂ ನಡೆದರು. ದಾರಿಯುದ್ದಕ್ಕೂ ಅವನ ತುಟಿ ಅಲುಗುತ್ತಿತ್ತು, ಸಾಲೆಯಲ್ಲಿ ಎದ್ದು ನಿಂತ ಹುಡುಗನ ಹಾಗೆ. ಕೊನೆಗೆ, "ಡಬ್ಬಿ ತುಂಬೂವಾಗ, ಭಾಳ ಕೆಂಪ ಇದ್ದದ್ದ ಮ್ಯಾಲ ಇಡ್ತೀವಿ. ಅದರ ಕೆಳಗ..." ಅನ್ನುವಷ್ಟರಲ್ಲಿ ಬಸ್ಸು ಬಂತು. ಜನ ನುಗ್ಗಿದರು. ಸೋನಾಲಿ ಕಿಟಕಿಯ ಹತ್ತಿರ ಸೇರುವುದರೊಳಗೆ ಅವನು ಗದ್ದಲದ ಆಚೆ ಉಳಿದಿದ್ದ. ಬಾಯಿ ತೆರೆದದ್ದು ಕಂಡಿತು, ಮಾತು ಕೇಳಿಸಲಿಲ್ಲ.

ಮರುದಿನ ಹೊಲದಲ್ಲಿ ಭರಮಣ್ಣ ತನ್ನ ರೂಢಿಯಂತೆಯೇ ಕಡಿದು ಹಾಕಿದ. ಸೋನಾಲಿ ಒಂದೊಂದೇ ಹೊರೆ ಹೊರಳಿಸಿಕೊಂಡು, ಬಾತ ಕೈಯಿಂದ ಸೋಗೆ ಹೊಸೆದು ಕಟ್ಟುತ್ತ, ಕೆಂಪು ಹಣ್ಣಿನ ಕೆಳಗೆ ಏನಿಡುತ್ತಾರೋ ಅಂದುಕೊಂಡಳು. ಮುಂದೆ ಕಬ್ಬು ಇನ್ನೂ ಬಹಳ ನಿಂತಿತ್ತು.