ಕಾರಿನ್ಯಾಗ ಇಟ್ಟು ಬರ್ರಿ

ಅಮೆರಿಕದ ಹರ್ನ್‌ಡನ್ ಹತ್ತಿರದ ಒಂದು ಕೌಂಟಿ ಕಚೇರಿಯಲ್ಲಿ, ಅಂದರೆ ನಮ್ಮ ಜಿಲ್ಲಾ ಕಚೇರಿಯಂಥದ್ದರಲ್ಲಿ, ನನಗೆ ಕಾಂಟ್ರ್ಯಾಕ್ಟ್ ಮೇಲೆ ಹೆಲ್ಪ್‌ಡೆಸ್ಕ್ ಕೆಲಸ ಸಿಕ್ಕಿತ್ತು. ಮೊದಲ ದಿನ ಹೋದಾಗ ಬಾಗಿಲ ಬಳಿಯ ಬೋರ್ಡನ್ನು ಕುಂಡದ ಗಿಡವೊಂದು ಅರ್ಧ ಮುಚ್ಚಿತ್ತು. ಕಂಡಷ್ಟರಲ್ಲಿ ‘ಕನ್ಸೀಲ್ಡ್ ಕ್ಯಾರಿ’ ನಿಷೇಧ ಎಂದಿತ್ತು. ತುಮಕೂರಿನಲ್ಲಿ ಬೆಳೆದ ನನಗೆ ಕ್ಯಾರಿ ಎಂದರೆ ಕ್ಯಾರಿಯರ್, ಕ್ಯಾರಿಯರ್ ಎಂದರೆ ಊಟ. ಹೊರಗಿನ ಊಟವನ್ನು ಬಚ್ಚಿಟ್ಟು ತರಬಾರದು, ಇದು ಕ್ಯಾಂಟೀನಿನವರ ಹುನ್ನಾರ ಎಂದು ಎರಡು ಸೆಕೆಂಡಿನಲ್ಲಿ ತೀರ್ಮಾನಿಸಿದೆ. ಎಂಜಿನಿಯರಿಂಗ್ ಓದಿದವರಿಗೆ ತೀರ್ಮಾನ ಬೇಗ ಬರುತ್ತದೆ. ನನ್ನ ಬ್ಯಾಗಿನಲ್ಲಿ ಟವೆಲ್ ಸುತ್ತಿದ ಮೂರು ಡಬ್ಬಿಯ ಕ್ಯಾರಿಯರ್ ಇತ್ತು. ಗಾರ್ಡಿನ ಮುಂದೆ ನಿಂತು, ಬ್ಯಾಗಿನಲ್ಲಿ ಕನ್ಸೀಲ್ಡ್ ಕ್ಯಾರಿ ಇದೆ ಸರ್, ಎಂದು ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡೆ.

ನನ್ನ ಹಿಂದಿದ್ದ ಹೆಂಗಸು ಹೊರಗೆ ಓಡಿದಳು. ಗಾರ್ಡಿನ ಕೈ ರೇಡಿಯೊ ಮೇಲೆ ಹೋಯಿತು. ಆಮೇಲೆ ಅವರ ಕಣ್ಣು ನನ್ನ ಐಡಿ ಮೇಲಿದ್ದ ಬಸವಕುಮಾರ್ ಎಂಬ ಹೆಸರಿನ ಮೇಲೆ ನಿಂತಿತು.

“ಕೈ ಮ್ಯಾಲ ಎತ್ತಿ ಹೇಳು ತಮ್ಮಾ. ಬ್ಯಾಗಿನ್ಯಾಗ ಏನದ?”

“ಚಿತ್ರಾನ್ನ.”

“ಮತ್ತ?”

“ಮೊಸರನ್ನ. ಮೇಲಿನ ಡಬ್ಬೀಲಿ ಉಪ್ಪಿನಕಾಯಿ.”

ಅವರು ರೇಡಿಯೊದಿಂದ ಕೈ ತೆಗೆದರು. “ನಡಿ ಒಳಗ. ಇಲ್ಲಿ ಕನ್ಸೀಲ್ಡ್ ಕ್ಯಾರಿ ಅಂದ್ರ ಬಚ್ಚಿಟ್ಟ ಪಿಸ್ತೂಲು. ಮತ್ತೊಮ್ಮೆ ಹಿಂಗ ಹೇಳಿದ್ರ ನಿನಗ ಗುಂಡ್ ಹೊಡಿತಾರ, ನನಗ ಕೆಲಸ ಹೋಗ್ತದ.”

ಹೀಗೆ ಪರಿಚಯವಾದವರು ಶಿವಶರಣಪ್ಪ, ವಯಸ್ಸು ಅರವತ್ನಾಲ್ಕು. ಕಲಬುರಗಿಯ ಟಾಕೀಸೊಂದರ ಗೇಟಿನಲ್ಲಿ ಇಪ್ಪತ್ತೈದು ವರ್ಷ ಟಿಕೆಟ್ ಹರಿದವರು. ಹೆಂಡತಿಯ ತಂಗಿಯ ಮೂಲಕ ಇಲ್ಲಿಗೆ ಬಂದವರು. ಅಲ್ಲಿ ಜನರ ಸೊಂಟದಿಂದ ಕ್ವಾರ್ಟರ್ ಬಾಟಲಿ ತೆಗೆಸುತ್ತಿದ್ದರು, ಇಲ್ಲಿ ಪಿಸ್ತೂಲು. ಎರಡೂ ಕಡೆ ಜನ ಹೇಳುವುದು ಒಂದೇ ಮಾತು: ಮರೆತುಬಿಟ್ಟಿದ್ದೆ.

ಮೊದಲು ಲೈಸೆನ್ಸ್ ಇದ್ದವರು ಕೋಟಿನೊಳಗೆ ಪಿಸ್ತೂಲು ಇಟ್ಟುಕೊಂಡೇ ಒಳಗೆ ಬಂದು ಹೋಗಬಹುದಿತ್ತು. ಎರಡು ಸಾವಿರದ ಇಪ್ಪತ್ತರ ನಂತರ ಕೌಂಟಿಯವರು ಅದನ್ನು ನಿಲ್ಲಿಸಿದರು. ಪಾರ್ಕಿಂಗ್ ಲಾಟಿನಲ್ಲಿ ಹಕ್ಕು, ಹೊಸ್ತಿಲ ಒಳಗೆ ಅಪರಾಧ, ನಡುವೆ ಶಿವಶರಣಪ್ಪ. ಅವರ ಬಳಿ ಆಯುಧವಿಲ್ಲ. ಕುರ್ಚಿಯೂ ಇಲ್ಲ, ಕೂತರೆ ಎಚ್ಚರವಾಗಿರುವಂತೆ ಕಾಣುವುದಿಲ್ಲವೆಂದು ಸೆಕ್ಯುರಿಟಿ ಕಂಪನಿ ತೆಗೆಸಿತ್ತು. ದಿನವಿಡೀ ನಿಂತು, ಕಾರಿನಲ್ಲಿ ಇಟ್ಟು ಬನ್ನಿ ಎನ್ನುವುದು, ಸಂವಿಧಾನದ ಬಗ್ಗೆ ಪಾಠ ಕೇಳುವುದು, ಸಂಜೆ ಊದಿದ ಪಾದಗಳನ್ನು ಬೂಟಿನಿಂದ ಬಿಡಿಸುವುದು.

ಕೆಲಸ ಬಿಡುವಂತಿರಲಿಲ್ಲ. ಇಲ್ಲಿ ಮುಪ್ಪಿನಲ್ಲಿ ಸರ್ಕಾರದ ಆರೋಗ್ಯ ವಿಮೆ ಪುಕ್ಕಟೆ ಸಿಗಬೇಕಾದರೆ ಮೂರು ತಿಂಗಳಿಗೊಂದರಂತೆ ನಲವತ್ತು ಕ್ವಾರ್ಟರ್ ದುಡಿದಿರಬೇಕು, ಅಂದರೆ ಹತ್ತು ವರ್ಷ. ಹೋದ ವರ್ಷದ ಆರಂಭಕ್ಕೆ ಅವರದು ಮೂವತ್ತೆಂಟಾಗಿತ್ತು. ಎರಡಾದರೆ ಅವರಿಗೂ, ಮೊಣಕಾಲು ಸವೆದು ಕೂತಿರುವ ಹೆಂಡತಿ ಗೌರಾಬಾಯಿಗೂ ಆಯಿತು. “ಊರಾಗ ಮಂದಿ ಕ್ವಾರ್ಟರ್ ಕಸಗೊಂಡೆ,” ಎನ್ನುತ್ತಿದ್ದರು. “ಆ ಪಾಪಕ್ಕ ಈಗ ಒಂದೊಂದ ಕೂಡಿಸಾಕತ್ತೀನಿ.”

ಆ ಜನವರಿಯಲ್ಲೇ ಅಣ್ಣಾಸಾಹೇಬರು ಬಂದರು. ಬೆಳಗಾವಿ ಕಡೆಯವರು, ಪಕ್ಕದ ರೆಸ್ಟನ್‌ನಲ್ಲಿ ಮನೆ ಮಾರಿಸುವ ವ್ಯವಹಾರ, ಕನ್ನಡ ಸಂಘದಲ್ಲಿ ಯಾವಾಗಲೂ ಮೊದಲ ಸಾಲು. ಸಂಜೆ ನಾಲ್ಕರ ಸಮಯ, ಪರ್ಮಿಟ್ ಕೌಂಟರ್ ಮುಚ್ಚುವುದರಲ್ಲಿತ್ತು. ನಾನು ಅಲ್ಲೇ ಪ್ರಿಂಟರಿನ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದೆ. ಬಾಗಿಲಲ್ಲಿ ಲೋಹ ಪತ್ತೆ ಮಾಡುವ ಯಂತ್ರ ಕೂಗಿತು. ಅಣ್ಣಾಸಾಹೇಬರು ಕೋಟು ಸ್ವಲ್ಪ ಸರಿಸಿ ಸೊಂಟದ ಪಿಸ್ತೂಲು ತೋರಿಸಿದರು.

“ಲೈಸೆನ್ಸ್ ಐತ್ರಿ. ಐದ ಮಿನಿಟಿನ ಕೆಲಸ. ನಮ್ಮವರ ಅದೀರಿ, ಬಿಡ್ರಿ.”

“ಕಾರಿನ್ಯಾಗ ಇಟ್ಟು ಬರ್ರಿ.”

“ಕೌಂಟರ್ ಕ್ಲೋಸ್ ಆಕ್ಕೈತಿ.”

“ಹೊರಗ ಹೋಗ್ರಿ ಸಾಹೇಬ್ರ. ಇಟ್ಟು ಬರ್ರಿ.”

ಅವರು ಇಟ್ಟು ಬರುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಮರುದಿನ ಕಂಪನಿಗೆ ದೂರು ಹೋಯಿತು: ಗಾರ್ಡ್ ನನ್ನನ್ನು ನಮ್ಮ ಭಾಷೆಯಲ್ಲಿ ಬೆದರಿಸಿ ಹೊರಗಟ್ಟಿದ. ಕ್ಯಾಮೆರಾದಲ್ಲಿ ಚಿತ್ರವಿತ್ತು, ಧ್ವನಿ ಇರಲಿಲ್ಲ. ಚಿತ್ರದಲ್ಲಿ ಕಾಣುವುದು ಬಾಗಿಲ ಕಡೆ ಚಾಚಿದ ಶಿವಶರಣಪ್ಪನವರ ಬೆರಳು ಮಾತ್ರ. ಕೆಲಸದಿಂದ ತೆಗೆಯಬೇಕೋ ಬೇಡವೋ ಎಂಬ ವಿಚಾರಣೆಗೆ, ಅಲ್ಲಿದ್ದ ಇನ್ನೊಬ್ಬ ಕನ್ನಡಿಗನಾದ ನಾನು, ಅವರಿಬ್ಬರು ಆಡಿದ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದು ಕೊಡಬೇಕಾಯಿತು.

ಕ್ಯಾರಿಗೂ ಕ್ಯಾರಿಯರಿಗೂ ವ್ಯತ್ಯಾಸ ತಿಳಿಯದವನ ಕೈಗೆ ಅನುವಾದ. ‘ಗೋ ಔಟ್’ ಎಂದು ಬರೆದು ನೋಡಿದೆ. ಕೆಲಸ ಹೋಗುವುದು ಖಾತ್ರಿ ಎನಿಸಿತು. ಅವರು ಹೋಗು ಎನ್ನಲಿಲ್ಲ, ಹೋಗ್ರಿ ಎಂದಿದ್ದರು. ಆ ‘ರಿ’ಗೆ ಇಂಗ್ಲಿಷಿನಲ್ಲಿ ಜಾಗವೇ ಇಲ್ಲ. ಕೊನೆಗೆ ರಿ ಬಂದಲ್ಲೆಲ್ಲ ‘ಸರ್, ಪ್ಲೀಸ್’ ಎಂದು ಹಾಕಿದೆ. ಕನ್ನಡದ ಎಂಟು ಶಬ್ದ ಇಂಗ್ಲಿಷಿನಲ್ಲಿ ಅರ್ಜಿಯಷ್ಟು ಉದ್ದವಾಯಿತು. ಕೆಳಗೆ, ಇವರು ತಮ್ಮವರೆಂದೂ ನೋಡದೆ ನಿಯಮ ಪಾಲಿಸುವ ನಿಷ್ಠಾವಂತರು ಎಂದು ಯಾರೂ ಕೇಳದ ಒಂದು ವಾಕ್ಯವನ್ನೂ ಸೇರಿಸಿದೆ.

ಕೆಲಸ ಉಳಿಯಿತು. ಒಂದು ಎಚ್ಚರಿಕೆ ಪತ್ರ ಕೊಟ್ಟು, ಅವರನ್ನು ಸಾಮಾನು ಇಳಿಸುವ ಹಿಂಬಾಗಿಲಿಗೆ ಹಾಕಿದರು. ಅಲ್ಲಿಯೂ ಕುರ್ಚಿ ಇಲ್ಲ. ಸಂಘದ ಯುಗಾದಿ ಊಟಕ್ಕೆ ಗೌರಾಬಾಯಿಯೂ ಅವರೂ ಹೋಗಲಿಲ್ಲ.

ಜೂನ್ ಕೊನೆಯಲ್ಲಿ, ನಲವತ್ತು ಕ್ವಾರ್ಟರ್ ತುಂಬುವ ವಾರ, ಹಿಂಬಾಗಿಲ ಮೆಟ್ಟಿಲ ಮೇಲೆ ನನ್ನ ಕ್ಯಾರಿಯರ್ ಬಿಚ್ಚಿ ಇಬ್ಬರೂ ಊಟಕ್ಕೆ ಕೂತಿದ್ದೆವು. ಬೂಟಿನ ಲೇಸು ಸಡಿಲಿಸಿ ಅವರು ಕಾಲು ಚಾಚಿದ್ದರು. ನನಗೆ ‘ನಿಷ್ಠಾವಂತರು’ ಎಂದು ಬರೆದಿದ್ದ ನನ್ನ ಆ ವಾಕ್ಯ ನೆನಪಾಯಿತು.

“ಅಂಕಲ್, ಕ್ಯಾಮೆರಾ ಇಲ್ಲದಿದ್ರೆ ಅವತ್ತು ಅಣ್ಣಾಸಾಹೇಬರನ್ನ ಒಳಗೆ ಬಿಡ್ತಿದ್ರಾ?”

ಅವರು ಬಾಯಲ್ಲಿದ್ದ ತುತ್ತು ನುಂಗಿದರು.

“ಬಿಡ್ತಿದ್ದೆ. ಕಾಲು ನೋಯಾಕತ್ತಿದ್ವು.”