ಲ್ಯಾಬಿನಲ್ಲಿದ್ದವನಿಗೆ ಮಣ್ಣು ಕೊಟ್ಟದ್ದು

ಅಂಧೇರಿಯ ಆ ಶಾಲೆಗೆ ಸೇರಿದ ದಿನ ನಾನು ಮೊದಲು ಬೆಚ್ಚಿಬಿದ್ದದ್ದು ಅಲ್ಲಿನ ಸಂಡಾಸು ನೋಡಿ. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಬೆಳಗಾದರೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಿತ್ತು. ಇಲ್ಲಿ ಬಿಳಿ ಹಂಚಿನ ಗೋಡೆ, ಮೇಲಿಂದ ಜೋತುಬಿದ್ದ ಸರಪಳಿ. ಎಳೆದೆ, ನೀರಿನ ಅಬ್ಬರಕ್ಕೆ ಹೆದರಿ ಹೊರಗೋಡಿದೆ. ಆಮೇಲೆ ಪಿಯಾನೋ ಇದ್ದ ಪ್ರಾರ್ಥನೆಯ ಕೋಣೆ, ಗಾಜಿನ ಕಪಾಟುಗಳ ಲೈಬ್ರರಿ, ಬಾಸ್ಕೆಟ್‌ಬಾಲ್ ಆಡುವ ಅಂಗಳ. ಮುನಿಸಿಪಾಲಿಟಿಯ ಕನ್ನಡ ಶಾಲೆಯಿಂದ ಬಂದ ನಾನು ಒಂದು ವಾರ ಬಾಯಿ ತೆರೆದುಕೊಂಡೇ ತಿರುಗಿದೆ.

ಅದು ಯಾವ ಚರ್ಚಿನ ಕೈಕೆಳಗೂ ಇಲ್ಲದ, ಸರಕಾರದ ಹಂಗೂ ಇಲ್ಲದ ಶಾಲೆ. ನಾಲ್ಕಾರು ಕ್ರಿಶ್ಚಿಯನ್ ಮನೆತನಗಳು ಸೇರಿ ನಡೆಸುತ್ತಿದ್ದವು. ಹಾಗಾಗಿ ಪ್ರಿನ್ಸಿಪಾಲರು ಹೇಳಿದ್ದೇ ಕಾಯಿದೆ. ವಯಸ್ಸಾದ ಹೆಂಗಸು, ಸದಾ ಇಸ್ತ್ರಿ ಮಾಡಿದ ಫ್ರಾಕು, ಕಡಿಮೆ ಮಾತು. ಅಪ್ಪ ವಿಜಾಪುರದ ಕಡೆಯ ಗೌಂಡಿ. ಶಾಲೆಯ ಕಾಂಪೌಂಡು ಕಟ್ಟಿದವನು ಅವನೇ. ಗೋಡೆ ನೂಲು ಹಿಡಿದಂತೆ ನೇರವಾಗಿದೆ ಎಂದು ಮೆಚ್ಚಿದ ಆಕೆ, ನಿನ್ನ ಮಗಳನ್ನು ಕಳಿಸು ಎಂದರು. ಅವರ ಒಂದು ಮಾತಿನ ಮೇಲೆ ಬಂದ ಸೀಟು, ಒಂದು ಮಾತಿನ ಮೇಲೆ ಹೋಗಬಹುದಿತ್ತು. ಇದು ನನಗೆ ಐದನೇ ಇಯತ್ತೆಯಿಂದಲೂ ಗೊತ್ತಿತ್ತು.

ನಾನು ಒಂಬತ್ತನೆಯಲ್ಲಿದ್ದಾಗ ಹೊಸ ಹಾಲ್ ಕಟ್ಟುವ ಕೆಲಸ ಶುರುವಾಯಿತು. ಅಪ್ಪ ಮತ್ತು ಅವನ ಊರಿನ ಇಬ್ಬರು ಪಾಯ ತೋಡುತ್ತಿದ್ದರು. ಅದೇ ಸಮಯಕ್ಕೆ ಲ್ಯಾಬಿಗೆ ಸುಣ್ಣ ಬಳಿಯಲೆಂದು ಸಾಮಾನುಗಳನ್ನೆಲ್ಲ ವರಾಂಡಕ್ಕೆ ತಂದಿಟ್ಟಿದ್ದರು. ಅದರಲ್ಲಿ ಬಟ್ಟೆ ಹೊದಿಸಿದ ಬಯಾಲಜಿಯ ಅಸ್ಥಿಪಂಜರವೂ ಇತ್ತು. ಪ್ಲಾಸ್ಟಿಕ್ಕಿನದಲ್ಲ, ನಿಜವಾದ ಮನುಷ್ಯನದು. ತಲೆಬುರುಡೆಗೆ ಕೊಂಡಿ ಹಾಕಿ ಕಬ್ಬಿಣದ ಸ್ಟ್ಯಾಂಡಿಗೆ ತೂಗುಬಿಟ್ಟಿದ್ದರು. ನಾವು ಹುಡುಗಿಯರು ಅದರ ಕೈಕುಲುಕಿ ಗುಡ್ ಮಾರ್ನಿಂಗ್ ಹೇಳುತ್ತಿದ್ದೆವು. ಮನೆಯಲ್ಲಿ ಮಾತ್ರ ಆ ವಿಷಯ ಎತ್ತಿರಲಿಲ್ಲ. ಅವ್ವನಿಗೆ ಗೊತ್ತಾಗಿದ್ದರೆ ದಿನಾ ತಲೆಗೆ ನೀರು ಹಾಕಿಸಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದಳು.

ಸೋಮವಾರ ಎರಡನೇ ಪಿರಿಯಡ್ಡಿನಲ್ಲಿ ಬಯಾಲಜಿ ಟೀಚರ್ ಖಾಲಿ ಸ್ಟ್ಯಾಂಡಿನ ಮುಂದೆ ನಿಂತಿದ್ದರು. ಯಾರೋ ಕದ್ದರು ಎಂದು ಗುಲ್ಲೆದ್ದಿತು. ಅಷ್ಟರಲ್ಲಿ ಪ್ಯೂನ್ ಬಂದು ನನ್ನನ್ನು ಕರೆದ. ಪ್ರಿನ್ಸಿಪಾಲರು ಪಾಯದ ಹತ್ತಿರ ಇದ್ದಾರೆ, ನಿನ್ನ ಅಪ್ಪನ ಹರಕು ಹಿಂದಿ ಯಾರಿಗೂ ತಿಳಿಯುತ್ತಿಲ್ಲ, ಬಾ ಎಂದ. ಅವನ ಹಿಂದೆ ಓಡಿದೆ.

ಅಪ್ಪ ತಲೆಯ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ. ಮುಖದಲ್ಲಿ ತಪ್ಪು ಮಾಡಿದ ಅಳುಕೇ ಇಲ್ಲ.

‘ಏನ್ ಮಾಡಿದಿ ಅಪ್ಪಾ?’

‘ಮಣ್ಣ ಕೊಟ್ವಿ’ ಅಂದ. ‘ನಿನ್ನೆ ಐತವಾರ ಸಾಲಿ ಬಂದ್ ಇತ್ತು. ಮ್ಯಾಲಿನ ಅರಿವಿ ಗಾಳಿಗೆ ಹಾರಿ ಬಿತ್ತು, ನೋಡಿದ್ರ ಮನಿಷ್ಯಾ. ಸತ್ತವನ್ನ ಕೊಂಡಿಗೆ ತೂಗಹಾಕ್ಯಾರ. ನೋಡಿಕೋತ ಹೆಂಗ ಕೆಲಸ ಮಾಡೂದು?’

ಉಳಿದದ್ದನ್ನೂ ಹೇಳಿದ. ಎಲುಬು ಪೋಣಿಸಿದ್ದ ತಂತಿಗಳನ್ನೆಲ್ಲ ಕತ್ತರಿಸಿ ತೆಗೆದಿದ್ದರು, ಕಟ್ಟು ಬಿಚ್ಚದೆ ಮಣ್ಣು ಕೊಡಬಾರದೆಂದು. ಪಾಯದ ಮೂಲೆಯಲ್ಲಿ ಗುಂಡಿ ತೋಡಿ, ನಮ್ಮವರಲ್ಲಿ ಮಾಡುವಂತೆ ಕೂತ ಭಂಗಿಯಲ್ಲಿ ಎಲುಬು ಜೋಡಿಸಿಟ್ಟು, ಹಣೆಗೆ ವಿಭೂತಿ ಹಚ್ಚಿ, ಮೂವರೂ ಹಿಡಿಮಣ್ಣು ಹಾಕಿದ್ದರು. ಆಮೇಲೆ ಸ್ನಾನ ಮಾಡಿ ಮನೆಗೆ ಬಂದಿದ್ದ. ಐತವಾರ ಸಂಜೆ ಅವನ ತಲೆ ಒದ್ದೆಯಾಗಿದ್ದದ್ದನ್ನು ನಾನೇ ನೋಡಿದ್ದೆ, ಕೆಲಸದ ಧೂಳು ತೊಳೆದಿರಬೇಕು ಅಂದುಕೊಂಡಿದ್ದೆ.  ಇನ್ನೇನು ಸೀಟು ಹೋಯಿತು, ಇನ್ನು ದಿನವಿಡೀ ಅದೇ ಚಾಳು, ಅದೇ ಡಬ್ಬಿ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಾನು ಸತ್ತವನ ಬಗ್ಗೆಯೂ ಯೋಚಿಸಲಿಲ್ಲ, ಅಪ್ಪನ ಬಗ್ಗೆಯೂ ಯೋಚಿಸಲಿಲ್ಲ.

ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪ್ರಿನ್ಸಿಪಾಲರ ಮುಖ ಬಿಳಿಚಿಕೊಂಡಿತು. ಅದನ್ನು ತೆಗೆದುಕೊಡಬೇಕೆಂದು ಹೇಳು ಎಂದರು.

ಅಪ್ಪ ತಲೆಯಾಡಿಸಿದ. ‘ಮಣ್ಣಾಗ ಇಟ್ಟವ್ರನ್ನ ಮತ್ತ ಮ್ಯಾಲ ತಗಿಯೂದಿಲ್ಲ ಅಂತ ಅಕ್ಕೋರಿಗೆ ಹೇಳು. ಬೇಕಾದ್ರ ನನ್ನ ಕೆಲಸ ಬಿಡಸ್ಲಿ.’

ಅಪ್ಪನ ಕೆಲಸ ಹೋದರೆ ನನ್ನ ಸೀಟೂ ಅದರ ಹಿಂದೆಯೇ ಹೋಗುತ್ತದೆ. ನಾನು ಪ್ರಿನ್ಸಿಪಾಲರ ಕಡೆ ತಿರುಗಿ, ‘ಗೊತ್ತಿಲ್ಲದೆ ಮಾಡಿದರಂತೆ ಮಿಸ್, ಈಗಲೇ ತೆಗೆದುಕೊಡುತ್ತಾರಂತೆ’ ಎಂದೆ.

ನನ್ನ ಬಾಯಿಂದ ಅದು ಅಷ್ಟು ಸಲೀಸಾಗಿ ಬಂದದ್ದಕ್ಕೆ ನಾನೇ ದಂಗಾದೆ. ಆಕೆ ಸಮಾಧಾನದಿಂದ ಅಪ್ಪನನ್ನು ನೋಡಿ ನಕ್ಕರು, ಗುದ್ದಲಿಯ ಕಡೆ ಕೈ ತೋರಿಸಿದರು. ಅಪ್ಪ ಆ ಕೈಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಪಾಯಕ್ಕಿಳಿದ.

ಗುದ್ದಲಿ ಮುಟ್ಟಲಿಲ್ಲ. ಎಲುಬಿಗೆ ತಾಗೀತೆಂದು ಮೊಣಕಾಲೂರಿ ಕೈಯಿಂದಲೇ ಮಣ್ಣು ಬಗೆದ. ಅವನ ಜೊತೆಯವರಿಬ್ಬರು ದೂರ ಹೋಗಿ ಬೆನ್ನು ಹಾಕಿ ನಿಂತರು. ಒಂದೊಂದೇ ಎಲುಬನ್ನು ರುಮಾಲಿನಿಂದ ಒರೆಸಿ ಬುಟ್ಟಿಯಲ್ಲಿಟ್ಟ. ಬುರುಡೆಯ ಹಣೆಯ ಮೇಲಿನ ವಿಭೂತಿಯನ್ನು ಮಾತ್ರ ಒರೆಸಲಿಲ್ಲ.

ಬುಟ್ಟಿಯನ್ನು ಪ್ರಿನ್ಸಿಪಾಲರ ಮುಂದಿಟ್ಟು ನನಗೆ ಹೇಳಿದ, ‘ಇಂವ ಯಾರ ಮನಿ ಮನಿಷ್ಯಾ, ಕೇಳವ್ವಾ.’

ಕೇಳಿದೆ.  ಅದು ಕಲ್ಕತ್ತೆಯಿಂದ ಮರದ ಪೆಟ್ಟಿಗೆಯಲ್ಲಿ ಬಂದದ್ದು, ಯಾರೆಂದು ಯಾರೂ ಕೇಳಿಲ್ಲ ಎಂದರು ಆಕೆ. ಅದನ್ನು ಸರಿಯಾಗಿಯೇ ಅಪ್ಪನಿಗೆ ಹೇಳಿದೆ.

ಅಪ್ಪ ಬುಟ್ಟಿಯನ್ನೇ ನೋಡುತ್ತ ಅಂದ, ‘ಮಣ್ಣ ಕೊಟ್ಟವ್ರಽ ಮನಿ ಮಂದಿ. ಒಂದ ದಿನ ಇವಗ ನಾವ್ ಇದ್ವಿ. ಇದನ್ನರ ನಾ ಹೇಳಿದಾಂಗ ಹೇಳು.’

ಪ್ರಿನ್ಸಿಪಾಲರು ನನ್ನ ಮುಖ ನೋಡುತ್ತಿದ್ದರು. ಆ ವಾಕ್ಯಕ್ಕೆ ಬೇಕಾದ ಇಂಗ್ಲಿಷು ನನಗೆ ಬರುತ್ತಿತ್ತು, ಒಂದು ಪದಕ್ಕೂ ತಡಕಾಡಬೇಕಿರಲಿಲ್ಲ. ಆದರೆ ಅದು ಆಕೆಗೆ ಚುಚ್ಚಿದರೆ, ಆಕೆ ಮನಸ್ಸು ಬದಲಿಸಿದರೆ ಎಂಬ ಭಯ ಬಂತು.

‘ಅಪ್ಪ ಥ್ಯಾಂಕ್ ಯೂ ಅನ್ನುತ್ತಿದ್ದಾರೆ, ಮಿಸ್’ ಎಂದೆ.

ಮುಂಬಯಿಯಲ್ಲಿ ಇಪ್ಪತ್ತು ವರ್ಷ ಗಾರೆ ಕಲಸಿದವನು. ಥ್ಯಾಂಕ್ ಯೂ ಅಂದರೇನೆಂದು ಅಪ್ಪನಿಗೆ ಗೊತ್ತಿತ್ತು.